ತವರುಮನೆಯ ರ‍್ಯಾಮು

ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಮೊದಲೇ ಒಂದು ಮಾತು. ಲ್ಯಾಪ್‌ಟಾಪಿನ ಬೆನ್ನು ಬಿಚ್ಚುವುದನ್ನು ಈಗ ಮೊಬೈಲ್ ನೋಡಿಯೇ ಕಲಿಯಬಹುದು. ರ‍್ಯಾಮ್ ಎಂದರೆ ಯಂತ್ರದ ನೆನಪು, ಬೆರಳುದ್ದದ ಹಸಿರು ಪಟ್ಟಿ. ಎರಡು ಕಡೆಯ ಕೊಂಡಿ ಸರಿಸಿದರೆ ತಾನೇ ತಲೆ ಎತ್ತುತ್ತದೆ, ಹೊಸದನ್ನು ಓರೆಯಾಗಿ ತೂರಿಸಿ ಒತ್ತಿದರೆ ಟಕ್ಕೆಂದು ಕೂರುತ್ತದೆ. ಇಷ್ಟೇ. ಆದರೆ ಆ ಬೆನ್ನು ಬಿಚ್ಚಲು ಮನೆಯವರನ್ನು ಒಪ್ಪಿಸುವುದಿದೆಯಲ್ಲ, ಅದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ. ನಾನು ಹೇಳಿಕೊಡುತ್ತೇನೆ ಎಂದು ತಿಳಿಯಬೇಡಿ. ಕೆಲಸದಿಂದ ನಿವೃತ್ತಳಾಗುವವರೆಗೂ ಅದು ನನಗೆ ಬರಲಿಲ್ಲ.

ನಾನು ಗಿರಿಜಮ್ಮ, ಕೊಟ್ಟೂರಿನವಳು. ಮೊದಲು ಟೈಪಿಂಗ್ ಕಲಿಸುವ ಸಂಸ್ಥೆಯೊಂದರಲ್ಲಿ ಟೈಪ್‌ರೈಟರುಗಳ ಅಕ್ಷರಕ್ಕೆ ಅಂಟಿದ ಮಸಿಯನ್ನು ಸೀಮೆಎಣ್ಣೆ ಹಚ್ಚಿ ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಟೈಪ್‌ರೈಟರುಗಳು ಗುಜರಿಗೆ ಹೋದವು, ಕಂಪ್ಯೂಟರುಗಳು ಬಂದವು, ನಾನು ಅದೇ ಬ್ರಷ್ ಹಿಡಿದುಕೊಂಡು ಒಂದು ಸರ್ವಿಸ್ ಕಂಪನಿಗೆ ಸೇರಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇಷ್ಟೂ ತಾಲ್ಲೂಕು ನನ್ನ ಪಾಲಿಗೆ. ಎಲ್ಲಿ ಹೋದರೂ ಜನ ನನ್ನ ಬೆನ್ನ ಹಿಂದೆ ಇಣುಕಿ, ಮೆಕ್ಯಾನಿಕ್ ಎಲ್ಲಿ ಎಂದು ಕೇಳುತ್ತಿದ್ದರು. ಮೊದಮೊದಲು ನಾನೇ ಎಂದು ವಿವರಿಸುತ್ತಿದ್ದೆ. ಆಮೇಲೆ ಬೇಸತ್ತು, ಮುಂದಿನ ಬಸ್ಸಿಗೆ ಬರುತ್ತಾನೆ ಎಂದು ಹೇಳಿ ಕೆಲಸ ಶುರು ಮಾಡುತ್ತಿದ್ದೆ. ಕೆಲಸ ಮುಗಿಸಿ ನಾನು ಹೊರಟರೂ ಅವರು ಅವನಿಗಾಗಿ ಚಹಾ ಕಾಯಿಸಿಟ್ಟುಕೊಂಡು ಕಾಯುತ್ತಿದ್ದರು. ಹರಪನಹಳ್ಳಿಯ ಒಂದು ಆಫೀಸಿನಲ್ಲಿ ಇನ್ನೂ ಕಾಯುತ್ತಿರಬಹುದು.

ಯಂತ್ರ ಯಾವ ತಾಲ್ಲೂಕಿನದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದರೆ ಸಾಕು. ಶೇಂಗಾ ಸಿಪ್ಪೆ ಬಿದ್ದರೆ ಕೂಡ್ಲಿಗಿ, ಮಂಡಕ್ಕಿ ಬಿದ್ದರೆ ನಮ್ಮೂರು, ಒಣಗಿದ ಮಲ್ಲಿಗೆ ಎಸಳು ಬಿದ್ದರೆ ಹಡಗಲಿ, ಅಡಿಕೆ ಚೂರು ಬಿದ್ದರೆ ಹರಪನಹಳ್ಳಿ. ಹಗರಿಬೊಮ್ಮನಹಳ್ಳಿಯವರು ಮಾತ್ರ ಶುದ್ಧ. ಅವರು ಯಂತ್ರಕ್ಕೆ ಹೊದಿಸಿದ ಪ್ಲಾಸ್ಟಿಕ್ ಕವರನ್ನು ತೆಗೆಯುತ್ತಲೇ ಇರಲಿಲ್ಲ, ಕವರಿನ ಮೇಲಿಂದಲೇ ಕುಟ್ಟುತ್ತಿದ್ದರು.

ನನ್ನ ಮೇಲಿನ ಸಾಹೇಬರ ಬಗ್ಗೆಯೂ ಹೇಳಲೇಬೇಕು. ಅವರು ಜನ್ಮದಲ್ಲಿ ಒಂದು ಸ್ಕ್ರೂ ಬಿಚ್ಚಿದವರಲ್ಲ, ಆದರೆ ಫೋಟೋ ಇಲ್ಲದೆ ಯಾವ ಕೆಲಸವನ್ನೂ ನಂಬಿದವರೂ ಅಲ್ಲ. ರಿಪೇರಿಗೆ ಮುಂಚೆ ಒಂದು ಫೋಟೋ, ಆದ ಮೇಲೆ ಒಂದು. ಯಂತ್ರ, ಗಿರಾಕಿ, ನಾನು, ಮೂವರೂ ಅದರಲ್ಲಿ ಕಾಣಬೇಕು. ಹಿಡಿದ ಕೆಲಸ ಅವತ್ತೇ ಮುಗಿಯದಿದ್ದರೆ ಮೊಬೈಲಿನಲ್ಲಿ ಕಾರಣ ಒತ್ತಬೇಕು. ಅಲ್ಲಿದ್ದ ಕಾರಣಗಳು ಮೂರೇ: ಬಿಡಿಭಾಗ ಸಿಗಲಿಲ್ಲ, ಗಿರಾಕಿ ಮನೆಯಲ್ಲಿಲ್ಲ, ಇತರೆ. ನಮ್ಮ ಕಡೆಯ ಬದುಕೆಲ್ಲ ಮೂರನೆಯದರಲ್ಲೇ ಇತ್ತು.

ಕೂಡ್ಲಿಗಿ ಕಡೆಯ ಒಂದು ಶಾಲೆಯ ಲ್ಯಾಪ್‌ಟಾಪಿಗೆ ರ‍್ಯಾಮ್ ಹೆಚ್ಚಿಸಲು ಹೋಗಿದ್ದೆ. ಒಂದು ಹಳೆಯದನ್ನು ಹಾಗೇ ಬಿಟ್ಟು, ಇನ್ನೊಂದರ ಜಾಗಕ್ಕೆ ದೊಡ್ಡದೊಂದು ಹೊಸದನ್ನು ಹಾಕಿದೆ. ಯಂತ್ರ ಚುರುಕಾಯಿತು. ಶಾಲಾ ಸಮಿತಿಯ ಅಧ್ಯಕ್ಷರು ರೈತರು, ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಹಳೆಯದು ಹಸಿರು, ಹೊಸದು ನೀಲಿ. ಮುದಿ ಎತ್ತಿನ ಜೊತೆ ಹೋರಿ ಕಟ್ಟಿದರೆ ನೊಗ ವಾರೆಯಾಗುತ್ತದೆ, ಇದು ನಡೆಯುವುದಿಲ್ಲ ಎಂದರು. ನಡೆಯುತ್ತಿದೆಯಲ್ಲ ಎಂದು ತೋರಿಸಿದೆ. ಇವತ್ತು ನಡೆಯುತ್ತದೆ, ನಾಳೆ ಮುದುಕ ಮಲಗುತ್ತಾನೆ ಎಂದರು. ಕೊನೆಗೆ ನನ್ನಿಂದಲೇ ಹೊಸದನ್ನು ಕೀಳಿಸಿ, ಹಳೆಯ ಎರಡನ್ನೂ ಮತ್ತೆ ಹಾಕಿಸಿದರು. ಯಂತ್ರ ಮೊದಲಿನಂತೆಯೇ ತೆವಳತೊಡಗಿತು. ಅಧ್ಯಕ್ಷರು ತೃಪ್ತಿಯಿಂದ ಮೀಸೆ ಸವರಿ, "ಈಗ ನೋಡ್ರಿ, ಜೋಡಿ ಸರಿ ಐತಿ" ಎಂದರು. ಅದಕ್ಕೂ ಫೋಟೋ ತೆಗೆದು ಸಾಹೇಬರಿಗೆ ಕಳಿಸಿದೆ. ಶಾಬಾಸ್ ಎಂದು ಉತ್ತರ ಬಂತು.

ಇಂಥವು ಬೇಕಾದಷ್ಟಿವೆ. ಆದರೆ ಚಿಗಟೇರಿಯ ನಾಗರತ್ನಳ ಲ್ಯಾಪ್‌ಟಾಪಿನ ಮುಂದೆ ಅವೆಲ್ಲ ಏನೂ ಅಲ್ಲ.

ಅದಕ್ಕೆ ಮೊದಲು ನನ್ನ ಒಂದು ಅಭ್ಯಾಸ ಹೇಳಬೇಕು. ನಮ್ಮ ಕಡೆ ಮನೆಮಗಳಾಗಲಿ, ಮನೆಗೆ ಬಂದ ಮುತ್ತೈದೆಯಾಗಲಿ ಹೊರಟು ನಿಂತರೆ ಬರಿಗೈಯಲ್ಲಿ ಕಳಿಸುವುದಿಲ್ಲ. ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಅಡಿಕೆ, ರವಿಕೆಗೆಂದು ಕುಬಸದ ಬಟ್ಟೆ ಹಾಕಿ ಉಡಿ ತುಂಬುತ್ತಾರೆ. ನನ್ನ ಯಜಮಾನರು ನಾನು ಕಂಪನಿಗೆ ಸೇರುವುದಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಗಂಡ ಹೋದವಳಿಗೆ ಉಡಿ ತುಂಬುವುದಿಲ್ಲ. ಹಾಗಾಗಿ ಯಾವ ಮನೆಯಲ್ಲೇ ಆಗಲಿ, ಒಳಗಿಂದ ಅಕ್ಕಿಯ ಮೊರ ಬರುವ ಸದ್ದಾದ ಕೂಡಲೇ ನಾನು ಚೀಲ ಹೆಗಲಿಗೇರಿಸಿ, ಬಸ್ಸು ಬಂತು ಎಂದು ಎದ್ದುಬಿಡುತ್ತಿದ್ದೆ. ಅವರಿಗೂ ಮುಜುಗರ ಬೇಡ, ನನಗೂ ಬೇಡ. ಬಸ್ಸೇ ಇಲ್ಲದ ಊರುಗಳಲ್ಲೂ ಹೀಗೆ ಹೇಳಿ ಎದ್ದಿದ್ದೇನೆ.

ನಾಗರತ್ನ ಚಿಗಟೇರಿಯಲ್ಲಿ ಜನರಿಗೆ ಅರ್ಜಿ, ಪಹಣಿ, ಪಿಂಚಣಿ ಮಾಡಿಕೊಡುವ ಸೇವಾ ಕೇಂದ್ರ ನಡೆಸುತ್ತಿದ್ದಳು. ಅವಳ ತವರು ಹಂಪಸಾಗರ. ಕಾಲೇಜಿಗೆಂದು ಅಪ್ಪ ಕೊಡಿಸಿದ್ದ ಲ್ಯಾಪ್‌ಟಾಪನ್ನು ಮದುವೆಯಲ್ಲಿ ಬಳುವಳಿಯ ಪಾತ್ರೆಗಳ ಜೊತೆ ಗಂಡನ ಮನೆಗೆ ತಂದಿದ್ದಳು. ಕೇಂದ್ರ ನಡೆಯುತ್ತಿದ್ದುದು ಅದರಲ್ಲೇ. ಈಗ ಮೇಲಿನಿಂದ ಆದೇಶ ಬಂದಿತ್ತು: ಬರುವ ಒಂದನೇ ತಾರೀಖಿನಿಂದ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಸರ್ಕಾರದ ತಾಣ ತೆರೆಯುವುದಿಲ್ಲ, ಅಂದು ತೆರೆಯದ ಕೇಂದ್ರವನ್ನು ಬೇರೆಯವರಿಗೆ ಕೊಡಲಾಗುವುದು. ಹೊಸ ಸಿಸ್ಟಮ್ಮಿಗೆ ಹಳೆಯ ರ‍್ಯಾಮ್ ಸಾಲುತ್ತಿರಲಿಲ್ಲ. ಎರಡೂ ಬದಲಾಗಬೇಕಿತ್ತು.

ಒಂದು ಮಧ್ಯಾಹ್ನ ಅವಳ ಗಂಡ ಬಸವರಾಜ, ಗೂಡ್ಸ್ ಗಾಡಿ ಓಡಿಸುವವನು, ಕೊಟ್ಟೂರಿನ ನನ್ನ ಟೇಬಲ್ಲಿನ ಮೇಲೆ ಹಸಿರು ಕುಬಸದ ಬಟ್ಟೆಯ ಗಂಟೊಂದನ್ನು ಇಟ್ಟ. ಬಿಚ್ಚಿದರೆ ಲ್ಯಾಪ್‌ಟಾಪು. ಮುಚ್ಚಳ ಎತ್ತಿದರೆ ಕೀಬೋರ್ಡಿನ ತುಂಬ ಅಕ್ಕಿ. ಮೇಲೆ ಕೊಬ್ಬರಿ ಬಟ್ಟಲು, ಅಡಿಕೆ, ಅರಿಶಿನ ಕೊಂಬು. ಕೊಂಬು ಒತ್ತಿದ ಕಡೆ ಪರದೆಯ ಮೇಲೆ ಹಳದಿ ಬೊಟ್ಟು. ಅವನ ತಾಯಿ ಹಾಲಮ್ಮ, ಸೊಸೆಯ ತವರಿನಿಂದ ಬಂದದ್ದು ಹೊಸಿಲು ದಾಟುವಾಗ ಬರಿದಾಗಿ ಹೋಗಬಾರದೆಂದು, ಲ್ಯಾಪ್‌ಟಾಪಿಗೆ ಉಡಿ ತುಂಬಿಸಿ ಕಳಿಸಿದ್ದರು. ಚಿಗಟೇರಿಯಿಂದ ಕೊಟ್ಟೂರಿನವರೆಗಿನ ರಸ್ತೆಯ ಪ್ರತಿಯೊಂದು ಗುಂಡಿಯೂ ಒಂದೊಂದು ಹಿಡಿ ಅಕ್ಕಿಯನ್ನು ಕೀಲಿಗಳ ಸಂದಿಗೆ ಇಳಿಸಿತ್ತು.

ನಾನು ಪೇಪರು ಹಾಸಿ, ಲ್ಯಾಪ್‌ಟಾಪನ್ನು ಬೋರಲು ಮಾಡಿ ತಟ್ಟಿದೆ. ಬಸವರಾಜನ ಮುಖ ಬಿಳಿಚಿಕೊಂಡಿತು. ಉಡಿ ಚೆಲ್ಲಿಬಿಟ್ಟಿರಲ್ಲ ಎಂದು ಗೊಣಗಿ, ಅಲ್ಲೇ ನಿಂತು ತಾಯಿಗೆ ಫೋನು ಹಚ್ಚಿದ. ಆ ಕಡೆಯಿಂದ ಬಂದ ಅಪ್ಪಣೆ ಒಂದೇ: ಮುಟ್ಟಿಸಬೇಡ, ತಿರುಗಿ ತಗೊಂಡು ಬಾ. ಅವನು ಪೇಪರಿನ ಅಕ್ಕಿಯನ್ನೂ ಕಾಳು ಬಿಡದೆ ಗಂಟು ಕಟ್ಟಿಕೊಂಡು ಹೋದ. ಇದರಲ್ಲಿ ನನ್ನ ತಪ್ಪಿಲ್ಲ, ಈಗಲೂ ಹೇಳುತ್ತೇನೆ. ಕೀಬೋರ್ಡಿನಲ್ಲಿ ಅಕ್ಕಿ ಕಂಡರೆ ಯಾರಾದರೂ ತಟ್ಟುತ್ತಾರೆ. ಸಾಹೇಬರಿಗೆ ‘ಇತರೆ’ ಒತ್ತಿದೆ.

ಮರುದಿನ ನಾಗರತ್ನಳ ಫೋನು ಬಂತು, ನಾನೇ ಚಿಗಟೇರಿಗೆ ಹೋದೆ. ಹಾಲಮ್ಮ ಪಡಸಾಲೆಯಲ್ಲಿ ಕೂತಿದ್ದರು. ಹಣೆ ಬರಿದು, ಅವರೂ ನನ್ನ ಹಾಗೆಯೇ. ಕೋಪವಿರಲಿಲ್ಲ, ಭಯವಿತ್ತು. ಬಹಳ ವರ್ಷದ ಹಿಂದೆ ಅವರ ಮನೆಯಲ್ಲಿ ಒಬ್ಬ ಸೊಸೆಯ ತವರಿನ ತಾಮ್ರದ ಹಂಡೆ ತೂತಾಗಿ, ಅಂಗಡಿಗೆ ಕೊಟ್ಟು ಬೇರೆ ಹಂಡೆ ತಂದಿದ್ದರಂತೆ. ಹಬ್ಬಕ್ಕೆ ಬಂದ ಬೀಗರು ಬಚ್ಚಲಿಗೆ ಹೋದವರು ಹಂಡೆ ಎತ್ತಿ ನೋಡಿದರು. ಹಗುರವಿತ್ತು. ಕೈತೊಳೆದು ಉಣ್ಣದೆ ಎದ್ದುಹೋದವರು ಮತ್ತೆ ಆ ಮನೆಯ ಹೊಸಿಲು ತುಳಿಯಲಿಲ್ಲ.

"ನೀವು ಒಳ್ಳೇದಕ್ಕ ಹೇಳ್ತೀರಿ, ನಂಗ ಗೊತ್ತೈತಿ," ಎಂದರು ಹಾಲಮ್ಮ. "ಆದ್ರ ತವರಿನ ಸಾಮಾನು ತವರಿನೋರ ಎದುರಿಗೇ ಬಿಚ್ಚಬೇಕು. ನಾಳೆ ಒಂದು ಮಾತು ಬಂದ್ರ ಈ ಮನಿ ತಡಿಯಂಗಿಲ್ಲ."

ಸರಿ, ಯಾವತ್ತು ಬಿಚ್ಚೋಣ ಎಂದೆ. ಹಾಲಮ್ಮ ದಿನ ಎಣಿಸಿದರು: ಸೋಮವಾರ ಬಸವಣ್ಣನ ವಾರ, ಎತ್ತನ್ನೇ ಹೂಡುವುದಿಲ್ಲ, ಲ್ಯಾಪ್‌ಟಾಪನ್ನು ಹೂಡುವುದು ಎಲ್ಲಿ ಬಂತು. ಮಂಗಳವಾರ, ಶುಕ್ರವಾರ ಮನೆಯ ಸಾಮಾನು ಆಚೆ ಹೋಗಬಾರದು, ರ‍್ಯಾಮಾದರೂ ಅಷ್ಟೇ. ನಡುವೆ ಅಮಾವಾಸ್ಯೆ. ಮಿಕ್ಕ ದಿನ ಹಂಪಸಾಗರದವರಿಗೆ ಪುರುಸೊತ್ತಿಲ್ಲ. ಎಲ್ಲ ಕಳೆದು ಉಳಿದದ್ದು ಒಂದು ಭಾನುವಾರ, ಅದೂ ಒಂದನೇ ತಾರೀಖಿನ ಹಿಂದಿನ ದಿನ. ಸಾಹೇಬರು ಫೋನಿನಲ್ಲಿ, ಇಷ್ಟು ದಿನ ಯಾವ ಬಿಡಿಭಾಗಕ್ಕೆ ಕಾಯುತ್ತಿದ್ದೀರಿ ಎಂದು ಕೇಳಿದರು. ಬೀಗರಿಗೆ ಎಂದೆ. ಅದು ಯಾವ ಕಂಪನಿಯದು ಎಂದು ಕೇಳಿದರು.

ನಾಗರತ್ನ ನನ್ನನ್ನು ಬಸ್ ನಿಲ್ದಾಣದವರೆಗೂ ಬಿಡಲು ಬಂದಳು. ಬಸ್ಸು ಕಂಡ ಮೇಲೆ ಹೇಳಿದಳು: "ಅಕ್ಕಾ, ಕೇಂದ್ರ ಹೋದ್ರ ಹೊಲಕ್ಕ ಹೋಗ್ತೀನಿ, ಅದಕ್ಕ ಅಂಜಿಲ್ಲ. ನಾ ಬಂದಾಗ ಈ ಊರಾಗ ನನ್ನ ಬಸಣ್ಣನ ಹೇಂತಿ ಅಂತಿದ್ರು. ಆ ಕುರ್ಚಿ ಮ್ಯಾಲೆ ಕುಂತ ಮ್ಯಾಲ ನಾಗರತ್ನ ಅಂತ ಕರಿಯಾಕತ್ಯಾರ. ಮತ್ತ ಬಸಣ್ಣನ ಹೇಂತಿ ಆಗಾಕ ನನ್ನ ಕೈಲಿ ಆಗಂಗಿಲ್ಲ."

ಬಸ್ಸಿನಲ್ಲಿ ಕೂತು ಆ ಮಾತನ್ನೇ ಯೋಚಿಸಿದೆ. ಮೆಕ್ಯಾನಿಕ್ ಎಲ್ಲಿ ಎಂದು ಜೀವನವಿಡೀ ಕೇಳಿಸಿಕೊಂಡವಳಿಗೆ ಅದು ಅರ್ಥವಾಗದೆ ಇರುತ್ತದೆಯೇ. ಈ ಕೆಲಸ ಕೆಡಬಾರದು ಎಂದು ಮೊದಲ ಬಾರಿಗೆ ದೇವರಿಗೆ ಕೈಮುಗಿದೆ.

ಭಾನುವಾರ ಹಂಪಸಾಗರದಿಂದ ಒಂದು ಗೂಡ್ಸ್ ಗಾಡಿಯ ತುಂಬ ಜನ ಬಂದರು. ನಾಗರತ್ನಳ ಅಣ್ಣ ಹನುಮಂತಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿದ್ದ. ಅವನ ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದಳು. ಸಾಕ್ಷಿಗೆಂದು ಅವರ ದೊಡ್ಡಪ್ಪನನ್ನೂ ಕರೆತಂದಿದ್ದರು. ಪಡಸಾಲೆಗೆ ಜಮಖಾನ ಹಾಸಿ, ಒಂದು ಕಡೆ ಆ ಬೀಗರು, ಇನ್ನೊಂದು ಕಡೆ ಈ ಬೀಗರು, ನಡುವೆ ಮಣೆಯ ಮೇಲೆ ಲ್ಯಾಪ್‌ಟಾಪು. ಮೊದಲು ಫೋಟೋ ತೆಗೆದು ಕಳಿಸಿದೆ. ಇದರಲ್ಲಿ ಯಂತ್ರ ಯಾವುದು ಎಂದು ಸಾಹೇಬರು ಕೇಳಿದರು.

ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಂಡು ಬೆನ್ನು ತಿರುಗಿಸಿದೆ. ಒಂದು ಸ್ಕ್ರೂ ಕಾಣಲಿಲ್ಲ. ವರ್ಷವರ್ಷದ ಆಯುಧಪೂಜೆಯ ವಿಭೂತಿ, ಕುಂಕುಮ, ಗಂಧ ಪದರಪದರವಾಗಿ ಒಣಗಿ ಗಾರೆಯಾಗಿತ್ತು. ನನ್ನ ಹಳೆಯ ಟೈಪ್‌ರೈಟರ್ ಬ್ರಷ್ ತೆಗೆದು ಉಜ್ಜಿದೆ. ಉದುರಿದ ಪುಡಿಯನ್ನು ದೊಡ್ಡಪ್ಪ ಬೆರಳಿಗೆ ತಾಗಿಸಿ ಹಣೆಗೆ ಹಚ್ಚಿಕೊಂಡರು. ಎರಡು ಹಳೆಯ ರ‍್ಯಾಮುಗಳನ್ನು ತೆಗೆದು ಹನುಮಂತಪ್ಪನ ಅಂಗೈಗಿಟ್ಟೆ. ಅವನು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದ. ಇಷ್ಟಕ್ಕೆ ಇಷ್ಟು ಜನ ಬಂದೆವೇ ಎನ್ನುವ ಮುಖ. ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅವನು ಹೊಸ ಎರಡನ್ನು ಇನ್ನೊಂದು ಅಂಗೈಯಲ್ಲಿಟ್ಟುಕೊಂಡು ಕೈಯನ್ನು ಮೇಲೆ ಕೆಳಗೆ ಆಡಿಸಿದ.

"ಇವು ಹಗುರ ಅದಾವಲ್ರಿ," ಎಂದ.

ಹಾಲಮ್ಮ ಗೋಡೆಗೆ ಒರಗಿದರು. ಹೊಸ ರ‍್ಯಾಮಿನಲ್ಲಿ ಚಿಪ್ಪುಗಳು ಒಂದೇ ಬದಿಗಿರುತ್ತವೆ, ತೂಕ ಕಡಿಮೆಯಾದರೂ ಕಸುವು ನಾಲ್ಕು ಪಟ್ಟು ಎಂದು ಹೇಳಿದೆ. ಹಂಡೆ ಅಂಗಡಿಯವನೂ ಹೀಗೇ ಹೇಳಿದ್ದ ಎಂದು ಹಾಲಮ್ಮನೇ ಗೊಣಗಿದರು. ದೊಡ್ಡಪ್ಪ, ಮಾತು ಬೇಡ, ತಕ್ಕಡಿ ತರಿಸಿ ಎಂದರು. ಪಕ್ಕದ ಕಿರಾಣಿ ಅಂಗಡಿಯಿಂದ ಏಲಕ್ಕಿ, ಲವಂಗ ತೂಗುವ ಸಣ್ಣ ತಕ್ಕಡಿ ಬಂತು. ಒಂದು ತಟ್ಟೆಗೆ ತವರಿನ ರ‍್ಯಾಮು, ಇನ್ನೊಂದಕ್ಕೆ ಕಂಪನಿಯ ರ‍್ಯಾಮು. ತವರಿನ ತಟ್ಟೆ ಕೆಳಗಿಳಿಯಿತು. ನಾಗರತ್ನ ಗೋಡೆಯ ಗಡಿಯಾರ ನೋಡಿದಳು. ನನಗೆ ನಗು ಬಂದಿತ್ತು, ಅವಳ ಮುಖ ನೋಡಿ ನುಂಗಿಕೊಂಡೆ. ಊರಿನ ಜನರ ಎಷ್ಟೋ ಪಿಂಚಣಿ, ಪಹಣಿಗಳು ಒಂದು ಏಲಕ್ಕಿ ತಕ್ಕಡಿಯಲ್ಲಿ ತೂಗಾಡುತ್ತಿದ್ದವು.

ಹಾಲಮ್ಮ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಅರಿಶಿನ ಕೊಂಬುಗಳಿದ್ದವು. ಒಂದನ್ನು ಹೊಸ ರ‍್ಯಾಮಿನ ತಟ್ಟೆಗೆ ಹಾಕಿದರು. ತಕ್ಕಡಿ ಸಮನಾಗಿ, ಇನ್ನಷ್ಟು ವಾಲಿ, ಹೊಸದರ ಕಡೆಗೇ ಇಳಿಯಿತು. ಅವರು ಇನ್ನೊಂದನ್ನೂ ಹಾಕಿದರು.

"ಕಡಿಮಿ ಬಿದ್ದದ್ದು ನಮ್ಮ ಮನಿಯಿಂದ ತುಂಬೀವಿ," ಎಂದರು. "ಹಗುರ ಆತು ಅಂತ ಎದ್ದು ಹೋಗಬ್ಯಾಡ್ರಿ. ಉಂಡು ಹೋಗ್ರಿ."

ಹನುಮಂತಪ್ಪನಿಗೆ ಆಗ ನಾಚಿಕೆಯಾಯಿತು. ಕೊಂಬುಗಳನ್ನು ಕಣ್ಣಿಗೊತ್ತಿಕೊಂಡು, ಹೊಸ ರ‍್ಯಾಮುಗಳನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. ಕೂರಿಸಿದೆ. ಟಕ್ಕೆಂದಿತು. ದೊಡ್ಡಪ್ಪ ತಲೆದೂಗಿದರು.

ಹೊಸ ಸಿಸ್ಟಂ ಹಾಕಲು ಕೂತೆ, ಕರೆಂಟು ಹೋಯಿತು. ಆ ಲ್ಯಾಪ್‌ಟಾಪಿನ ಬ್ಯಾಟರಿ ಹೆಸರಿಗಷ್ಟೇ ಇತ್ತು, ನಡುಹಾದಿಯಲ್ಲಿ ಯಂತ್ರ ಆರಿಹೋದರೆ ಮತ್ತೆ ಮೊದಲಿಂದ. ಸಂಜೆತನಕ ಕರೆಂಟಿಲ್ಲ ಎಂದು ಲೈನ್‌ಮನ್ ಹೇಳಿಕಳಿಸಿದ. ಬಸವರಾಜ ಓಡಿಹೋಗಿ ಶಾಮಿಯಾನದವರ ಇನ್ವರ್ಟರ್ ತಂದ. ಅಂಗಳದಲ್ಲಿ ಬೀಗರ ಗೂಡ್ಸ್ ಗಾಡಿ, ಇವನ ಗೂಡ್ಸ್ ಗಾಡಿ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ, ಒಂದರ ಬ್ಯಾಟರಿಗೆ ಇನ್ವರ್ಟರಿನ ತಂತಿ ಕಚ್ಚಿಸಿದೆವು, ಇನ್ನೊಂದನ್ನು ತುರ್ತಿಗೆಂದು ಚಾಲೂ ಇಟ್ಟೆವು. ಬಿಳಿ ಪಂಚೆಯ ಹನುಮಂತಪ್ಪ ತಂತಿ ಕಚ್ಚಿಸಿದ ಗಾಡಿಯ ಡ್ರೈವರ್ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿಹಿಡಿದ. ಒಳಗೆ ಪರದೆಯ ಮೇಲೆ ಶೇಕಡಾ ಲೆಕ್ಕದ ಸಂಖ್ಯೆ ಏರಿದಂತೆಲ್ಲ ದೊಡ್ಡಪ್ಪ ಕೂಗಿ ಹೇಳುವರು, ಹೊರಗೆ ಅವನು ಅದಕ್ಕೆ ತಕ್ಕಂತೆ ಇನ್ನಷ್ಟು ಒತ್ತುವನು. ಒತ್ತಿದರೆ ಸಂಖ್ಯೆ ಬೇಗ ಏರುವುದಿಲ್ಲ ಎಂದು ಹೇಳಿಕಳಿಸಿದೆ. ಅವನು ಕೇಳಲಿಲ್ಲ. ಬೀದಿಗೆ ಬೀದಿಯೇ ಹೊಗೆಯಲ್ಲಿ ನಿಂತು ಕೆಮ್ಮುತ್ತಿತ್ತು.

ಮುಕ್ಕಾಲಿಗೆ ಬಂದು ಸಂಖ್ಯೆ ನಿಂತಿತು. ತೆಂಗಿನಕಾಯಿ ಒಡೆಯೋಣ ಎಂದರು. ಒಳಗೆ ಬೇಡ ಎಂದೆ, ಹೊರಗೆ ಗಾಡಿಯ ಮುಂದೆ ಒಡೆದರು. ಒಡೆದದ್ದಕ್ಕೋ ತನ್ನ ಪಾಡಿಗೋ, ಸಂಖ್ಯೆ ಮತ್ತೆ ಏರಿತು. ಆಮೇಲೆ ಯಂತ್ರ ತಾನೇ ಆರಿ, ಪರದೆ ಕಪ್ಪಾಯಿತು. ಅದು ಹಾಗೆ ಒಮ್ಮೆ ಆರಿಯೇ ಹೊತ್ತಿಕೊಳ್ಳುವುದು ಎಂದು ನಾನು ಮೊದಲೇ ಹೇಳಿರಲಿಲ್ಲ. ಹಾಲಮ್ಮ ಸೆರಗು ಬಾಯಿಗೊತ್ತಿ ಅಳತೊಡಗಿದರು. ನಾಗರತ್ನ ನನ್ನ ಮೊಣಕೈ ಹಿಡಿದುಕೊಂಡಳು. ಪರದೆ ಬೆಳಗುವವರೆಗೂ ಬಿಡಲಿಲ್ಲ.

ಬೆಳಗಿತು. ಅವಳು ಮೊಬೈಲಿನಿಂದ ಇಂಟರ್ನೆಟ್ ಜೋಡಿಸಿ ಹೆಸರು, ಪಾಸ್‌ವರ್ಡ್ ಹಾಕಿದಳು. ಸರ್ಕಾರದ ತಾಣ ಒಂದೇ ಏಟಿಗೆ ತೆರೆದುಕೊಂಡಿತು. ನಾಳೆಗೂ ತೆರೆಯುತ್ತದೆ ಎಂದು ಅದೇ ಬರೆದು ತೋರಿಸಿತು. ಬಾಗಿಲಲ್ಲಿ ನಿಂತಿದ್ದ ಒಬ್ಬ ಮುದುಕಿ, ಇಷ್ಟು ಹೊತ್ತು ತಡೆದುಕೊಂಡವಳಂತೆ ಕೂಗಿದಳು: "ನಾಗರತ್ನಾ, ನಂದು ಮೊದಲು ನೋಡವ್ವಾ." ನಾಗರತ್ನ ನನ್ನ ಕಡೆ ನೋಡಿದಳು.

ಊಟವಾಯಿತು, ಹುಗ್ಗಿ ಮಾಡಿದ್ದರು. ಪೇಪರಿನಲ್ಲಿ ಕಟ್ಟಿಕೊಂಡು ಹೋಗಿದ್ದ ಆ ಅಕ್ಕಿಯದೇ ಎಂದು ಬಸವರಾಜ ಮೆಲ್ಲಗೆ ಹೇಳಿದ. ಬೀಗರು ಹೊರಟು ನಿಂತರು. ಹನುಮಂತಪ್ಪನ ಹೆಂಡತಿಗೆ ನಾಗರತ್ನ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಆ ಎರಡು ಅರಿಶಿನ ಕೊಂಬು, ಕುಬಸದ ಬಟ್ಟೆಯಲ್ಲಿ ಸುತ್ತಿದ ಎರಡು ಹಳೆಯ ರ‍್ಯಾಮು. ಅವು ಈಗಲೂ ಹಂಪಸಾಗರದ ದೇವರ ಜಗಲಿಯ ಮೇಲಿವೆ, ದಸರೆಗೆ ಕುಂಕುಮ ಬೀಳುತ್ತದೆ ಎಂದು ಕೇಳಿದ್ದೇನೆ.

ಮೊರ ನನ್ನ ಕಡೆ ತಿರುಗುವುದು ಕಂಡಿತು. ಚೀಲ ಹೆಗಲಿಗೇರಿಸಿದೆ. ಬಸ್ಸು ಬಂತು ಎಂದೆ. ಇನ್ನೂ ಹೊತ್ತೈತಿ ಎಂದ ಬಸವರಾಜ. ಹಾಗಾಗಿ ನಿಜ ಹೇಳಲೇಬೇಕಾಯಿತು. ನನಗೆ ಉಡಿ ತುಂಬುವ ಹಾಗಿಲ್ಲ ಎಂದೆ. ನಾಗರತ್ನ ಮೊರ ಹಿಡಿದುಕೊಂಡೇ ಅತ್ತೆಯ ಮುಖ ನೋಡಿದಳು.

ಹಾಲಮ್ಮ ನನ್ನ ಹತ್ತಿರ ಬಂದು ಹೆಗಲಿಂದ ಚೀಲ ಇಳಿಸಿಕೊಂಡರು. ಲ್ಯಾಪ್‌ಟಾಪು ಕೂತಿದ್ದ ಮಣೆಯ ಮೇಲೆ ಅದನ್ನು ಕೂರಿಸಿ, ಜಿಪ್ ಎಳೆದು ಬಾಯಿ ಅಗಲಿಸಿದರು.

"ಆಕಿ ಒಲ್ಲೆ ಅಂದ್ರ ಬಿಡು. ಚೀಲಕ್ಕ ತುಂಬು," ಎಂದರು ಸೊಸೆಗೆ. "ಚೀಲಕ್ಕೇನು ಗಂಡ ಸತ್ತಾನೇನು?"

ಸ್ಕ್ರೂಡ್ರೈವರುಗಳ ಮೇಲೆ, ಬ್ರಷ್ಷಿನ ಮೇಲೆ, ಪೆನ್‌ಡ್ರೈವುಗಳ ಮೇಲೆ ಬೊಗಸೆ ಬೊಗಸೆ ಅಕ್ಕಿ ಬಿತ್ತು. ಕೊಬ್ಬರಿ ಬಟ್ಟಲು ಬಿತ್ತು, ಹಸಿರು ಕುಬಸ ಬಿತ್ತು. ನಾನು ಕಂಬ ಹಿಡಿದು ನಿಂತು ಎಲ್ಲರೆದುರು ಅತ್ತುಬಿಟ್ಟೆ. ಅದು ಮುಗಿಯುವ ಹೊತ್ತಿಗೆ ನಿಜವಾಗಿಯೂ ಬಸ್ಸು ಬಂದು ಹೋಗಿತ್ತು. ಕೆಲಸ ಮುಗಿದ ಮೇಲಿನ ಫೋಟೋ ಕಳಿಸಲು ಮರೆತೆ, ಸಾಹೇಬರು ನೆನಪಿಸಿದ ಮೇಲೂ ಕಳಿಸಲಿಲ್ಲ.

ನಿವೃತ್ತಿಯ ದಿನ ಕಂಪನಿಯ ಸಾಮಾನನ್ನೆಲ್ಲ ಒಪ್ಪಿಸಬೇಕು. ಸ್ಕ್ರೂಡ್ರೈವರು, ಡಿಸ್ಕು, ಗುರುತಿನ ಚೀಟಿ ಎಲ್ಲ ಕೊಟ್ಟೆ. ಚೀಲ ಎಲ್ಲಿ ಎಂದು ಸಾಹೇಬರು ಕೇಳಿದರು. ಅದನ್ನು ಬರಿದು ಮಾಡಿ ಕೊಡುವಂತಿಲ್ಲ ಎಂದೆ. ಕಾರಣ ದಾಖಲಿಸಲೇಬೇಕು ಎಂದು ಅವರು ಮೊಬೈಲನ್ನು ನನ್ನ ಮುಂದೆ ಹಿಡಿದರು. ‘ಇತರೆ’ ಒತ್ತಿ, ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಬಂದೆ.